ಮಳೆಗಾಲದಲ್ಲಿ ತೆರೆದ ಹಗೇವು

ನಮ್ಮ ಮಾಸ್ತರರ ಕೋಟಿನ ಎರಡು ತೋಳುಗಳಿಗೆ ಎರಡು ಬಣ್ಣ. ಎಡಗಡೆಯದು ಕಂದು, ಬಲಗಡೆಯದು ಸ್ವಲ್ಪ ಮಾಸಲು ಬೂದು. ಕಾಲರು ಇವೆರಡಕ್ಕೂ ಸಂಬಂಧವಿಲ್ಲದ ಕರಿ ಅರಿವೆಯದು. ವರ್ಷಕ್ಕೊಮ್ಮೆ ಶಾಲೆ ಆರಂಭವಾಗುವ ಮುಂಚೆ ಅವರು ಗೋಕಾಕದ ಪೇಟೆಯಲ್ಲಿದ್ದ ಸಿಂಪಿಗನ ಕಟ್ಟೆ ಹತ್ತುತ್ತಿದ್ದರು. ಅವನು ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ, "ಈ ವರ್ಷ ಯಾವ ಭಾಗಾರಿ ಮಾಸ್ತರ್ರ?" ಎಂದು ಕೇಳುತ್ತಿದ್ದ. ಒಂದು ವರ್ಷ ತೋಳು, ಒಂದು ವರ್ಷ ಒಳಗಿನ ಅಸ್ತರು, ಇನ್ನೊಂದು ವರ್ಷ ಜೇಬು. ಹೊಸ ಕೋಟನ್ನೇ ಹೊಲಿಸಿಬಿಡಿ ಎಂದು ಯಾರಾದರೂ ಹೇಳಿದರೆ ಅವರಿಗೆ ನಿಜಕ್ಕೂ ಆಶ್ಚರ್ಯವಾಗುತ್ತಿತ್ತು. "ಯಾಕ್ರಿ? ಕೋಟು ಬೇಷ್ ಐತಿ. ತೋಳ ಹರದೇತಿ, ತೋಳ ಹಾಕ್ಸೇನಿ" ಎನ್ನುತ್ತಿದ್ದರು. ಮದುವೆಯಲ್ಲಿ ಹೊಲಿಸಿದ ಕೋಟು ಅದು ಎಂಬುದು ಅವರ ವಾದ. ಆಗಿನ ಒಂದು ನೂಲೂ ಅದರಲ್ಲಿ ಉಳಿದಿಲ್ಲ ಎಂಬುದು ಸಿಂಪಿಗನ ಆಣೆ.

ಆ ಕೋಟೇ ಅವರ ರಾಜಕಾರಣವಾಗಿತ್ತು ಎಂದು ನನಗೆ ತಿಳಿಯಲು ಬಹಳ ವರ್ಷ ಬೇಕಾದವು.

ಅವರು ಕೊಣ್ಣೂರಿನ ಜೈನ ಮನೆತನದವರು. ಜೋಳ, ಕಡಲೆಯ ವ್ಯಾಪಾರ ಮಾಡುವ ದೊಡ್ಡ ಮನೆ. ಅಂಗಡಿಯನ್ನೂ ಹೊಲವನ್ನೂ ತಮ್ಮನಿಗೆ ಒಪ್ಪಿಸಿ, ಹಿರಿಯರಾದ ಇವರು ಗೋಕಾಕದ ಇಂಗ್ಲಿಷ್ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ಇತಿಹಾಸ ಎಂದರೆ ಆಗ ಇಂಗ್ಲೆಂಡಿನ ಇತಿಹಾಸ. ನಾನು ಊರ ಹೊರಗಿನ ಕುರಿಗಾರರ ಹಟ್ಟಿಯವನು. ಅವರ ಕೈಯಲ್ಲೇ ಕಲಿತೆ, ಆಮೇಲೆ ಅವರ ಬಾಜೂ ಖೋಲಿಯಲ್ಲೇ ಭೂಗೋಳ ಕಲಿಸುವ ಮಾಸ್ತರನಾದೆ. ಕೊಣ್ಣೂರಿನಿಂದ ಗೋಕಾಕಕ್ಕೆ ಹೋಗುವ ಅರಳೆ ಗಾಡಿ ಸಿಕ್ಕರೆ ಗಾಡಿ, ಇಲ್ಲದಿದ್ದರೆ ಇಬ್ಬರೂ ಧಬಧಬೆ ಎನ್ನುವ ಜಲಪಾತದ ದಾರಿ ಹಿಡಿದು ನಡೆಯುತ್ತಿದ್ದೆವು. ಇಪ್ಪತ್ತು ವರ್ಷ ಹೀಗೆ ನಡೆದಿದ್ದೇವೆ. ನನ್ನ ಅರ್ಧ ವಿದ್ಯೆ ಆ ರಸ್ತೆಯ ಮೇಲೆಯೇ ಸಿಕ್ಕದ್ದು.

ಸುತ್ತಲಿನ ಮೂರು ತಾಲೂಕುಗಳಲ್ಲಿ, ಹುಕ್ಕೇರಿಯಿಂದ ಮೂಡಲಗಿಯವರೆಗೆ ಹುಡುಕಿದರೂ, ಇಂಗ್ಲೆಂಡಿನ ಕನ್ಸರ್ವೇಟಿವ್ ಪಕ್ಷಕ್ಕೆ ಇವರೊಬ್ಬರೇ ಅನುಯಾಯಿ ಸಿಗುತ್ತಿದ್ದರು ಎಂದು ಕಾಣುತ್ತದೆ. ಉಳಿದವರೆಲ್ಲ ಕುಸ್ತಿಯ ಸುದ್ದಿಗೆ ಕಿವಿಗೊಟ್ಟರೆ ಇವರು ಲಂಡನ್ನಿನ ಪಾರ್ಲಿಮೆಂಟಿನ ಸುದ್ದಿಗೆ ಕಿವಿಗೊಡುವವರು. ಮುಂಬೈಯ ಇಂಗ್ಲಿಷ್ ಪತ್ರಿಕೆ ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಎರಡು ದಿನ ತಡವಾಗಿ ಇಳಿಯುತ್ತಿತ್ತು. ಯಾವ ಮಂತ್ರಿ ಬಿದ್ದ, ಯಾರು ಎದ್ದ ಎಂಬುದನ್ನು ಅವರು ತಡವಾದ ಆ ಎರಡು ದಿನವೂ ಊಹಿಸಿ, ಮೂರನೆಯ ದಿನ ಪತ್ರಿಕೆ ಬಿಚ್ಚಿ ತಾಳೆ ನೋಡುತ್ತಿದ್ದರು. ಊಹೆ ನಿಜವಾದ ದಿನ ಮಾಸ್ತರರು ಹುಡುಗರಿಗೆ ಮನೆಪಾಠ ಕೊಡುತ್ತಿರಲಿಲ್ಲ. ಆದ್ದರಿಂದ ಇಂಗ್ಲೆಂಡಿನ ಚುನಾವಣೆಗಾಗಿ ಗೋಕಾಕದ ಹುಡುಗರು ದೇವರಲ್ಲಿ ಹರಕೆ ಹೊರುತ್ತಿದ್ದದ್ದೂ ಉಂಟು!

ನಾನು ಸ್ವರಾಜ್ಯದ ಗಾಳಿ ಹೊಕ್ಕವನು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಇದೆ, ಮನೆಯವರನ್ನು ಕೇಳಿದರೆ ಹೇಳುತ್ತಾರೆ. ನನ್ನನ್ನು ಕಂಡರೆ ಸಾಕು, ಅವರು ಕೊಡೆ ಎತ್ತಿ, "ಬರ್ರಿ ಲಿಬರಲ್ ಸಾಹೇಬ್ರ, ಇವತ್ತ ಏನ ಕೆಡವಾಕ ಹೊಂಟೀರಿ?" ಎಂದು ಕೆಣಕುತ್ತಿದ್ದರು.

"ನಿಮ್ಮ ಪಕ್ಷಾನ ಕೆಡವಾಕ ಹೊಂಟೇನ್ರಿ" ಎಂದು ನಾನು ಶುರುಮಾಡುತ್ತಿದ್ದೆ. "ನಮಗ ಸ್ವರಾಜ್ಯ ಕೊಡಬಾರ್ದು ಅಂತ ಅಲ್ಲಿ ಕುಂತ ಬಾಯಿ ಬಡಕೊಳ್ಳಾಕತ್ತವ್ರು ನಿಮ್ಮ ಮಂದೀನ ಅಲ್ಲೇನ್ರಿ? ನಾಚಿಕಿ ಬರೂದಿಲ್ಲೇನ್ರಿ ನಿಮಗ?"

"ಅವ್ರು ಕನ್ಸರ್ವೇಟಿವ್ರಲ್ಲೋ ಮಾರಾಯಾ, ಬರೇ ಹಟಮಾರಿಗೋಳು. ಖರೆ ಕನ್ಸರ್ವೇಟಿವ್ ಆಗಿದ್ರ ನಮ್ಮ ಕೆರಿ, ನಮ್ಮ ಪಂಚಾಯ್ತಿ, ನಮ್ಮ ನೇಕಾರ್ರ ಮಗ್ಗಾ ಇವಕ್ಕ ಕೈ ಹಚ್ಚತಿದ್ರೇನು? ತಮ್ಮೂರಾಗ ಹಳೇದನ್ನ ಉಳಿಸಿ ನಮ್ಮೂರಾಗ ಹಳೇದನ್ನ ಕೆಡಿಸಿದ್ರು. ಅದಕ ನನಗೂ ಸಿಟ್ಟೈತಿ." ಸಿಟ್ಟಿನಲ್ಲಿ ಇಬ್ಬರೂ ಒಂದೇ ಕಡೆ ಸೇರಿಬಿಟ್ಟರೆ ನನಗೆ ವಾದಿಸಲು ಏನೂ ಉಳಿಯುತ್ತಿರಲಿಲ್ಲ. ಅದಕ್ಕೆ ನಾನು ಬೇರೆ ವಿಷಯ ಹುಡುಕುತ್ತಿದ್ದೆ.

ಅವರ ವಿಚಾರ ಪುಸ್ತಕದಿಂದ ಬಂದದ್ದೋ ಮನೆಯಿಂದ ಬಂದದ್ದೋ ಹೇಳುವುದು ಕಷ್ಟ. ಫ್ರಾನ್ಸಿನಲ್ಲಿ ರಾಜನ ತಲೆ ಹೊಡೆದದ್ದು, ಆಮೇಲೆ ಹೊಡೆದವರ ತಲೆಗಳೂ ಉರುಳಿದ್ದು, ಅದನ್ನು ದಂಡೆಯಲ್ಲಿ ನಿಂತು ನೋಡಿ ಇಂಗ್ಲೆಂಡಿನವರು ಬೆಚ್ಚಿದ್ದು, ಇವನ್ನೆಲ್ಲ ಅವರು ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು. ರಾಜ, ಚರ್ಚು, ಹೊಲವುಳ್ಳ ಗೌಡರು ಇವರನ್ನು ಕಾಯಲು ಹುಟ್ಟಿದ ಪಕ್ಷ ಅದು. ಆದರೆ ಪಟ್ಟಣದ ಕೂಲಿಯವರಿಗೆ ಓಟು ಕೊಟ್ಟದ್ದೂ ಅದೇ ಪಕ್ಷದ ಒಬ್ಬ ಮುಖಂಡ. "ಲಿಬರಲ್ರು ಕೊಡ್ತೇವಿ ಕೊಡ್ತೇವಿ ಅಂತ ಬಾಯಿ ಮಾಡ್ಕೋತ ಕುಂತ್ರು, ಇಂವಾ ಕೊಟ್ಟಬಿಟ್ಟಾ!" ಎಂದು ತೊಡೆ ತಟ್ಟಿ ನಗುತ್ತಿದ್ದರು. ಮನೆ ಉಳಿಯಬೇಕಾದರೆ ಸೋರುವ ಜಾಗದ ಹಂಚನ್ನು ಕಾಲಕಾಲಕ್ಕೆ ಬದಲಿಸಬೇಕು, ಇಡೀ ಮಾಡು ಕಿತ್ತು ಬಯಲಿನಲ್ಲಿ ಕೂರಬಾರದು. ಅವರ ಪಾಠದ ಸಾರ ಇಷ್ಟೇ.

ಒಂದು ಮಾತು ಮಾತ್ರ ಪೂರಾ ಅವರದೇ. ಅವರ ಮನೆಯ ಹಿತ್ತಿಲಿನ ಎತ್ತರದಲ್ಲಿ ಒಂದು ಹಗೇವು ಇತ್ತು. ನೆಲದೊಳಗೆ ಬಾವಿಯ ಹಾಗೆ ತೋಡಿ, ಸುತ್ತ ಜೋಳದ ಕಣಿಕೆ ಹಾಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಕಣಜ ಅದು. ಅವರ ಅಜ್ಜ ತೋಡಿಸಿದ್ದು. ಅರವತ್ತು ಚೀಲ ಜೋಳ ಹಿಡಿಯುತ್ತಿತ್ತು. ಅದರ ಪಕ್ಕದಲ್ಲಿ ಹಾಯುವಾಗ ಒಮ್ಮೆ ಅವರು ನನಗೆ ಹೇಳಿದರು: "ಇದರಾಗ ಸತ್ತವರ ಕೈ ಐತಿ, ಹುಟ್ಟದವರ ಬಾಯಿ ಐತಿ. ನಾವು ನಡುವಿನವ್ರು. ಕಾವಲಿಗೆ ಅದೇವಿ, ಅಷ್ಟ. ರಾಜ್ಯ ಅಂದ್ರೂ ಇದ ನೋಡ್ರಿ." ಈ ಮಾತನ್ನು ಆಮೇಲೆ ನೂರು ಸಲ ಕೇಳಿದ್ದೇನೆ. ಕೇಳಿ ಕೇಳಿ ಬೇಸತ್ತು, ಅವರು ಬಾಯಿ ತೆಗೆಯುವ ಮೊದಲೇ ನಾನೇ ಹೇಳಿ ಮುಗಿಸಿದ್ದೂ ಇದೆ.

ಇಂಥ ಮನುಷ್ಯನಿಗೆ ಆ ಪಕ್ಷದಲ್ಲಿ ಒಬ್ಬನನ್ನು ಕಂಡರೆ ಆಗುತ್ತಿರಲಿಲ್ಲ. ನೂರು ವರ್ಷದ ಹಿಂದಿನ ಪ್ರಧಾನಿ ಅವನು. ಹೊರದೇಶದ ಧಾನ್ಯಕ್ಕೆ ಸುಂಕ ಹಾಕಿ ತಮ್ಮ ಹೊಲದ ಗೋಧಿಯ ದರ ಇಳಿಯದಂತೆ ನೋಡಿಕೊಳ್ಳುವ ಕಾನೂನನ್ನು ಇಂಗ್ಲೆಂಡಿನ ಜಮೀನುದಾರರು ಮಾಡಿಕೊಂಡಿದ್ದರು. ಅದನ್ನು ಕಾಯುತ್ತೇನೆಂದೇ ಅವನು ಗಾದಿಗೆ ಬಂದವನು. ಅಷ್ಟರಲ್ಲಿ ಐರ್ಲೆಂಡಿನಲ್ಲಿ ಬಟಾಟೆ ಬೆಳೆ ಕೊಳೆತು ಜನ ಅನ್ನವಿಲ್ಲದೆ ಸಾಯತೊಡಗಿದರು. ಇವನು ತನ್ನವರ ವಿರುದ್ಧವೇ ನಿಂತು, ಎದುರು ಪಕ್ಷದವರ ಓಟಿನಿಂದ ಆ ಸುಂಕವನ್ನು ಕಿತ್ತು ಹಾಕಿದ. ಪಕ್ಷ ಸೀಳಿಹೋಯಿತು. ಒಂದು ತಲೆಮಾರಿನವರೆಗೆ ತಲೆ ಎತ್ತಲಿಲ್ಲ.

"ಮನಿ ಒಡದಾಂವ" ಎಂದೇ ಮಾಸ್ತರರು ಅವನನ್ನು ಕರೆಯುತ್ತಿದ್ದರು. ಹೆಸರನ್ನು ಒಮ್ಮೆಯೂ ಬಾಯಲ್ಲಿ ತರಲಿಲ್ಲ; ಅವರ ಗೌರವಕ್ಕೆ ನಾನೂ ಇಲ್ಲಿ ಬರೆಯುವುದಿಲ್ಲ. ಪಾಠದ ಪುಸ್ತಕದಲ್ಲಿ ಅವನ ಚಿತ್ರ ಇದ್ದ ಕಡೆ ಅವರು ಚೌಕಾಕಾರದ ಒಂದು ಬಿಳಿ ಕಾಗದ ಕತ್ತರಿಸಿ ಗಂಜಿಯಿಂದ ಅಂಟಿಸಿದ್ದರು. ಆಗ ಇಡೀ ವರ್ಗಕ್ಕೆ ಅದೊಂದೇ ಪುಸ್ತಕ. "ಹಸಿದಾವ್ರಿಗೆ ಅನ್ನಾ ಕೊಟ್ಟಾ ಅಲ್ರಿ, ಅದು ತಪ್ಪೇನ್ರಿ?" ಎಂದು ಯಾರಾದರೂ ಕೇಳಿದರೆ ಅವರ ಮುಖ ಗಂಟಾಗುತ್ತಿತ್ತು. "ಅನ್ನಾ ಕೊಡಾಕ ನೂರ ದಾರಿ ಅದಾವ. ನಂಬಿ ಮನೀ ಕೀಲಿ ಕೊಟ್ಟವ್ರಿಗೆ ಎರಡ ಬಗೀಬಾರ್ದು. ಮುಂದಿನ ಪಾಠಾ ತೆಗೀರಿ" ಎಂದುಬಿಡುತ್ತಿದ್ದರು.

ಎರಡನೆಯ ಮಹಾಯುದ್ಧದ ನಡುವಿನ ಒಂದು ಮಳೆಗಾಲ. ರೈಲಿನ ಡಬ್ಬಿಗಳೆಲ್ಲ ದಂಡಿನ ಸಾಮಾನು ಹೊರಲು ಹೋಗಿದ್ದವು. ರೇಷನ್ ಅಂಗಡಿಯ ಬಾಗಿಲಿಗೆ ‘ಜೋಳ ಇಲ್ಲ’ ಎಂಬ ಹಲಗೆ ತೂಗುಬಿದ್ದಿತ್ತು. ಅದರ ಮೇಲೆ ಘಟಪ್ರಭೆ ದಂಡೆ ಮೀರಿ ಹರಿದು, ಮೂಡಲಗಿ ಸಂತೆಯ ಕಡೆಯಿಂದ ಬರುವ ಗಾಡಿಗಳೂ ನಿಂತವು. ನಮ್ಮ ಹಟ್ಟಿಯಲ್ಲಿ ಮೂವತ್ತು ಮನೆ. ಉಣ್ಣೆ ಇತ್ತು, ಕೊಳ್ಳುವವರು ಇರಲಿಲ್ಲ; ಕುರಿಗಳು ಮೇವಿಗೆ ಹೋಗಿ ಹೊಳೆಯಾಚೆ ಸಿಕ್ಕಿಕೊಂಡಿದ್ದವು. ನನ್ನ ಕೈಯಲ್ಲಿ ಪಗಾರವೂ ಇತ್ತು, ಪೇಟೆಯಲ್ಲಿ ಜೋಳವೇ ಇಲ್ಲದಿದ್ದರೆ ರೊಕ್ಕ ಕುದಿಸಿ ಕುಡಿಯಲು ಆಗುತ್ತದೆಯೇ? ಮುದುಕರು ತಮ್ಮ ಪಾಲಿನದನ್ನು ಮಕ್ಕಳಿಗೆ ಬಿಟ್ಟು, ಹಸಿವಿಲ್ಲ ಎಂದು ಸುಳ್ಳು ಹೇಳಿ ಮಲಗತೊಡಗಿದರು.

ಅಂಥದರಲ್ಲೇ ನನ್ನ ಹೆಂಡತಿ ಹೆತ್ತಳು. ಮಸಗುಪ್ಪಿಯ ತವರಿಗೆ ಕಳಿಸೋಣವೆಂದರೆ ಹೊಳೆ ಅಡ್ಡ. ಮಗಳು ಹುಟ್ಟಿ ಐದು ದಿನವಾದರೂ ತಾಯಿಯ ಎದೆಯಲ್ಲಿ ಹಾಲು ನಾಲ್ಕು ಹನಿಗಿಂತ ಹೆಚ್ಚು ಇಳಿಯಲಿಲ್ಲ. ಮೊದಲ ಎರಡು ದಿನ ಕೂಸು ಗಟ್ಟಿಯಾಗಿ ಅತ್ತಿತು. ಆಮೇಲೆ ಅಳುವುದನ್ನೂ ಕಡಿಮೆ ಮಾಡಿತು.

ಆರನೆಯ ದಿನ ಬೆಳಿಗ್ಗೆ ಮಾಸ್ತರರ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಹಳೆಯ ಪತ್ರಿಕೆಯನ್ನೇ ಮತ್ತೆ ಓದುತ್ತ ಕೂತಿದ್ದರು. ತಮ್ಮನವರು ಮೂಲೆಯಲ್ಲಿ ಗೋಣಿಚೀಲ ಹೊಲಿಯುತ್ತಿದ್ದರು.

"ಮಾಸ್ತರ್ರ, ಹಟ್ಟ್ಯಾಗ ಒಂದ ಹಿಡಿ ಜ್ವಾಳ ಇಲ್ರಿ. ಹಗೇವ ತೆಗಸ್ರಿ. ಪುಕ್ಕಟ ಬ್ಯಾಡ, ರೊಕ್ಕಾ ಕೊಟ್ಟ ಒಯ್ತೇವಿ" ಎಂದೆ.

ಉತ್ತರ ಕೊಟ್ಟವರು ತಮ್ಮನವರು. "ಮಳಿಗಾಲದಾಗ ಹಗೇವ ತೆಗೆಯೂದ ಈ ಮನ್ಯಾಗ ಇಲ್ರಿ. ಬೇಕಾದ್ರ ಅಣ್ಣಾಗ ಕೇಳ್ರಿ. ಅಣ್ಣಾ ಪದ್ಧತಿ ಬಿಡೂ ಪೈಕಿ ಅಲ್ಲ."

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ಚಾತುರ್ಮಾಸ ಐತ್ರಿ" ಎಂದರು. "ಈ ನಾಕ ತಿಂಗಳ ನಾವು ನೆಲಾ ಕೆದರೂದಿಲ್ಲ. ಮಣ್ಣಾಗ ಎಷ್ಟ ಜೀವ ಇರ್ತಾವ ನಿಮಗ ಗೊತ್ತೈತಿ. ಅದೂ ಅಲ್ದ ಒಂದ ಕೊಡಾ ನೀರ ಹೊಕ್ಕರ ಅರವತ್ತ ಚೀಲ ಕೊಳೀತೇತಿ. ನಮ್ಮಜ್ಜಾರು ತೆಗೀಲಿಲ್ಲ, ನಮ್ಮಪ್ಪಾರು ತೆಗೀಲಿಲ್ಲ. ನಾ ಹ್ಯಾಂಗ ತೆಗೀಲಿ?"

ನಾನು ಅವರೆದುರು ಎಂದೂ ಎತ್ತದ ದನಿ ಎತ್ತಿದೆ. "ಸತ್ತವರ ಕೈ, ಹುಟ್ಟದವರ ಬಾಯಿ ಅಂತ ಇಪ್ಪತ್ತ ವರ್ಷ ನನ್ನ ಕಿವ್ಯಾಗ ಊದೀರಲ್ರಿ? ಆ ಬಾಯಿ ಮೊನ್ನಿ ಹುಟ್ಟೇತ್ರಿ! ನಮ್ಮನ್ಯಾಗ ಹುಟ್ಟೇತಿ. ತಾಯಿ ಎದಿಯಾಗ ಹಾಲಿಲ್ಲ. ನೀವು ಯಾರ ಕಾವಲ ಮಾಡಾಕತ್ತೀರಿ?"

ನಾನು ನಮಸ್ಕಾರವನ್ನೂ ಮಾಡದೆ ಹೊರಬಿದ್ದೆ. ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಬೈದುಕೊಂಡೆ, ಅವರನ್ನು, ಅವರ ಪಕ್ಷವನ್ನು, ಅವರ ಎರಡು ಬಣ್ಣದ ಕೋಟನ್ನು. ಇನ್ನು ಈ ಮನುಷ್ಯನ ಜೊತೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ ಎಂದು ಆಣೆ ಮಾಡಿದೆ.

ಮರುದಿನ ಬೆಳಗಾಗಿ ಸ್ವಲ್ಪ ಹೊತ್ತಾಗಿತ್ತು. ಸುರಿಯುವ ಮಳೆಯಲ್ಲಿ ಹಟ್ಟಿಯ ಕೆಸರು ತುಳಿಯುತ್ತ ಒಂದು ಕೊಡೆ ಬಂತು. ಕೆಳಗೆ ಅದೇ ಕೋಟು. ಅಷ್ಟು ವರ್ಷಗಳಲ್ಲಿ ಅವರು ನಮ್ಮ ಹಟ್ಟಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಹೆಂಗಸರು ಗಾಬರಿಯಾಗಿ ಸೆರಗು ಸರಿಮಾಡಿಕೊಂಡರು.

"ಹಟ್ಟ್ಯಾಗ ಕಂಬಳಿ ಎಷ್ಟ ಅದಾವ್ರಿ?" ಎಂದು ಕೇಳಿದರು.

ಉಪವಾಸ ಬಿದ್ದವರ ಮನೆಗೆ ಕಂಬಳಿ ಕೊಳ್ಳಲು ಬಂದರೇ ಎಂದು ನನಗೆ ಮೈ ಉರಿಯಿತು. "ಐವತ್ತ ಇರ್ಬೇಕು. ಯಾಕ್ರಿ?" ಎಂದೆ, ಮುಖ ನೋಡದೆ.

"ಅಷ್ಟೂ ತಗೊಂಡ ಬರ್ರಿ. ಗಳಾ ತರ್ರಿ, ಹಾರಿ, ಸಲಿಕಿ ತರ್ರಿ. ನಿಮ್ಮ ಕಂಬಳಿಯಾಗ ನೀರ ಇಳಿಯೂದಿಲ್ಲ ಅಂತ ಹೇಳ್ತಿದ್ರಲ್ಲ, ಇವತ್ತ ಅದನ್ನ ನೋಡೂಣು."

ಆ ಬೆಳಗನ್ನು ನಾನು ಸಾಯುವವರೆಗೆ ಮರೆಯಲಾರೆ. ಹಗೇವಿನ ಸುತ್ತ ನಮ್ಮವರು ಬಿದಿರಿನ ಗಳ ನೆಟ್ಟು, ಕಂಬಳಿಯ ಮೇಲೆ ಕಂಬಳಿ ಹೊದಿಸಿ ಮಾಡು ಕಟ್ಟಿದರು. ಗಳ ಸಾಲದ ಕಡೆ ನಮ್ಮ ಗಂಡಸರೇ ಕಂಬಳಿಯ ತುದಿ ಹಿಡಿದು ಕೈಯೆತ್ತಿ ನಿಂತರು. ನೀರು ಹರಿದುಹೋಗಲು ಸುತ್ತ ಕಾಲುವೆ ತೋಡಿದೆವು. ಮಾಸ್ತರರು ಕೆರ ಬಿಟ್ಟು, ಕೈ ಮುಗಿದು, ಮಣ್ಣಿನೊಳಗಿನ ಜೀವಗಳ ಕ್ಷಮೆ ಕೇಳಿದರು. ಆಮೇಲೆ ಮೊದಲ ಮಣ್ಣನ್ನು ಬೇರೆಯವರಿಗೆ ಮುಟ್ಟಗೊಡದೆ, ತಾವೇ ಕುಕ್ಕರುಗಾಲಿನಲ್ಲಿ ಕೂತು ಕೈಯಿಂದ ಮೆಲ್ಲಗೆ ಸರಿಸಿದರು. ಅರವತ್ತರ ಸಮೀಪದ ಮನುಷ್ಯ, ಕೈಗೆ ಸಿಕ್ಕ ಎರೆಹುಳುಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟರು.

ಕಲ್ಲು ಸರಿಸಿದಾಗ ಬೆಚ್ಚನೆಯ ಹುಳಿ ಹವೆ ಮೇಲೆ ಬಂತು. ಆ ಹವೆಯಲ್ಲಿ ಇಳಿದರೆ ಮನುಷ್ಯ ಉಸಿರುಕಟ್ಟಿ ಸಾಯುತ್ತಾನೆ. ಅದಕ್ಕೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡುವುದು ರೂಢಿ. ಎರಡು ಸಲ ದೀಪ ಆರಿತು. ಮೂರನೆಯ ಸಲಕ್ಕೆ ಕಾಯುತ್ತ ನಿಂತಾಗ ಹಿತ್ತಿಲ ಬಾಗಿಲಿಗೆ ತಮ್ಮನವರು ಬಂದರು. ಅವರು ಕೂಗಲಿಲ್ಲ, ಬೈಯಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಿದ್ದರು.

"ಅಣ್ಣಾ, ನಿನ್ನ ನಂಬಿ ಮನೀ ಮಾತ ನಿನ್ನ ಮ್ಯಾಲ ಬಿಟ್ಟೇನಿ ನಾ. ನನಗ ಒಂದ ಮಾತ ಕೇಳ್ದ ತೆಗೀತಿಯಲ್ಲಾ. ಮನಿ ಒಡೀತೇತಿ ನೋಡು."

ನಾನು ಮಾಸ್ತರರ ಮುಖ ನೋಡಿದೆ. ಅವರು ಹಗ್ಗವನ್ನೇ ನೋಡುತ್ತಿದ್ದರು.

"ಒಡೀತೇತಿ" ಎಂದರು. "ಗೊತ್ತೈತಿ ತಮ್ಮಾ. ದೀಪಾ ಬಿಡ್ರಿ ಕೆಳಗ."

ಈ ಸಲ ದೀಪ ಆರಲಿಲ್ಲ.

ಹಿಂದಿನ ಸುಗ್ಗಿಯ ದರಕ್ಕೇ ಅವರು ಜೋಳ ಅಳೆದು ಕೊಟ್ಟರು. ಮೊದಲ ಪಾಲು ಬಾಣಂತಿಯ ಮನೆಗೆ ಹೋಗಬೇಕೆಂದು ತಾವೇ ನನ್ನ ಕಂಬಳಿಯ ಸೆರಗಿಗೆ ಸುರಿದರು. ಅಂದು ನನ್ನ ಹೆಂಡತಿ ಜೋಳದ ನುಚ್ಚಿನ ಗಂಜಿ ಕುಡಿದು ನಿದ್ದೆ ಮಾಡಿದಳು. ನಾಲ್ಕನೆಯ ದಿನ ಎದೆಯಲ್ಲಿ ಹಾಲು ತುಂಬಿ ಬಂತು. ಹೊಟ್ಟೆ ತುಂಬಿದ ಕೂಸು ಮತ್ತೆ ಹಟ್ಟಿಗೆಲ್ಲ ಕೇಳುವ ಹಾಗೆ ಅಳತೊಡಗಿತು. ಅಬ್ಬಾ, ಆ ಅಳು! ಅಂಥ ಸಂಗೀತ ನಾನು ಬೇರೆಲ್ಲೂ ಕೇಳಲಿಲ್ಲ. ಆ ಮಳೆಗಾಲ ನಮ್ಮ ಮೂವತ್ತು ಮನೆಗಳಲ್ಲಿ ಒಬ್ಬರೂ ಹಸಿವಿನಿಂದ ಸಾಯಲಿಲ್ಲ.

ಮಾಸ್ತರರು ಮಾತ್ರ ನೆಲ ಕೆದರಿದ ಪ್ರಾಯಶ್ಚಿತ್ತಕ್ಕೆಂದು ಎಂಟು ದಿನ ಒಂದೇ ಹೊತ್ತು ಉಂಡರು. ನಾವು ಉಣ್ಣುವಾಗ ಅವರು ಅರೆ ಉಪವಾಸವಿದ್ದರು. ಇದನ್ನು ನನಗೆ ಅವರು ಹೇಳಲಿಲ್ಲ, ಬಹಳ ದಿನಗಳ ಮೇಲೆ ಅವರ ತಮ್ಮನವರಿಂದ ತಿಳಿಯಿತು.

ನನ್ನ ಆಣೆ ಏನಾಯಿತು? ಮುರಿದುಹೋಯಿತು. ಮತ್ತೆ ಒಟ್ಟಿಗೆ ನಡೆಯತೊಡಗಿದಾಗ ಒಂದು ದಿನ ಧಬಧಬೆಯ ತಿರುವಿನಲ್ಲಿ ಅವರೇ ಮಾತು ತೆಗೆದರು. "ನೀವು ಬೈದ ಹೋದ್ರಲ್ಲ, ಅವತ್ತ ಮಧ್ಯಾಹ್ನ ತಮ್ಮ ನನಗ ಶಾಬಾಸ್ ಅಂದಾ. ಚೊಲೋ ಮಾಡಿದಿ ಅಣ್ಣಾ, ಹೊಳಿ ಇಳದ ಮ್ಯಾಲ ಯಮಕನಮರಡಿ ವ್ಯಾಪಾರಸ್ಥರು ಬರ್ತಾರ, ದೀಪಾವಳಿಗೆ ದರಾ ಎರಡ ಪಟ್ಟ ಆಗ್ತೇತಿ ಅಂದಾ. ಅಂವಂದ ತಪ್ಪಿಲ್ಲ, ಅಂವಾ ವ್ಯಾಪಾರಿ. ನನ್ನ ತಪ್ಪು. ನಾ ಪದ್ಧತಿ ಕಾಯಾಕತ್ತೇನಿ ಅಂತ ತಿಳ್ಕೊಂಡಿದ್ದೆ. ದರಾ ಕಾಯಾಕತ್ತಿದ್ದೆ."

ನಾನು ತಡೆಯಲಾರದೆ, "ಹಂಗಾದ್ರ ಆ ಪ್ರಧಾನಿನೂ..." ಎಂದು ಶುರುಮಾಡಿದೆ.

ಅವರು ಕೊಡೆಯನ್ನು ನನ್ನ ಕಡೆ ಚಾಚಿ ತಡೆದರು. "ಬ್ಯಾಡ. ಅದನ್ನ ಬಿಟ್ಟ ಮಾತಾಡ್ರಿ."

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಹಿರಿಯರು ಮಳೆಗಾಲದಲ್ಲಿ ಹಗೇವು ತೆಗೆಯದೆ ಇದ್ದದ್ದು ಸುಮ್ಮನೆ ಅಲ್ಲ. ನಮ್ಮ ಪಾಲಿನ ಜೋಳ ತೆಗೆದ ಮೇಲೆ ಉಳಿದದ್ದನ್ನು ಕಲ್ಲು ಹಾಕಿ ಮುಚ್ಚಿದೆವು. ಮೇಲೆ ಮೆತ್ತುವ ಮಣ್ಣು ಒಣಗಿರಬೇಕು. ಆ ಮಳೆಯಲ್ಲಿ ಒಣ ಮಣ್ಣನ್ನು ಎಲ್ಲಿಂದ ತರುವುದು? ಹಸಿ ಮಣ್ಣನ್ನೇ ಮೆತ್ತಿದೆವು. ಮೆತ್ತಿದ ಕೈಗಳಲ್ಲಿ ನನ್ನ ಕೈಯೂ ಒಂದು. ದೀಪಾವಳಿಗೆ ತೆರೆದಾಗ ಒಳಗಿನ ಜೋಳ ಕಪ್ಪಾಗಿ, ಮುದ್ದೆಗಟ್ಟಿ, ದನ ಕೂಡ ಮೂಸದ ಹಾಗೆ ಆಗಿತ್ತು. ಅದನ್ನು ಬುಟ್ಟಿಯಲ್ಲಿ ಹೊತ್ತು ತಿಪ್ಪೆಗೆ ಹಾಕುವಾಗ ಮಾಸ್ತರರೂ ಬುಟ್ಟಿ ಹೊತ್ತರು. "ತಮ್ಮ ಹೇಳಿದ್ದು ಖರೆ ಇತ್ತು" ಎಂದು ಊರವರೆಲ್ಲರ ಮುಂದೆ ಹೇಳಿದರು. ನಾವು ಮಾಡಿದ್ದು ತಪ್ಪು ಎಂದು ಮಾತ್ರ ಹೇಳಲಿಲ್ಲ.

ಆ ಚಳಿಗಾಲದಲ್ಲಿ ಮನೆ ಒಡೆಯಿತು. ನಡುವೆ ಗೋಡೆ ಎದ್ದಿತು. ಮಾಸ್ತರರು ಹಿಂದಿನ ಎರಡು ಖೋಲಿಗಳನ್ನೂ ಆ ಕೆಟ್ಟ ಹಗೇವಿನ ಹಿತ್ತಿಲನ್ನೂ ತಾವೇ ಕೇಳಿ ತೆಗೆದುಕೊಂಡರು. ನಾನು ಹಟ್ಟಿಯ ಹಿರಿಯರನ್ನು ಕರೆದುಕೊಂಡು ಹೋಗಿ, ನಮ್ಮಿಂದ ಹೀಗಾಯಿತಲ್ಲ ಎಂದು ಅತ್ತೆ. "ಲಿಬರಲ್ ಸಾಹೇಬ್ರ ಕಣ್ಣಾಗ ನೀರು! ಪತ್ರಿಕಿಗೆ ಸುದ್ದಿ ಕಳಸಬೇಕಾತಲ್ಲ" ಎಂದು ಮಾಸ್ತರರು ನಕ್ಕರು. ನಗುವಾಗ ಗೋಡೆಯ ಆ ಕಡೆಯಿಂದ ತಮ್ಮನ ಮಕ್ಕಳು ಆಡುವ ಗದ್ದಲ ಕೇಳಿಸಿತು. ಅವರ ನಗು ಅರ್ಧಕ್ಕೇ ನಿಂತಿತು.

ಆ ವರ್ಷದಿಂದ ಶಾಲೆಯಲ್ಲಿ ಅವರು "ಮನಿ ಒಡದಾಂವ" ಎಂಬ ಮಾತು ಆಡಲಿಲ್ಲ. ಆ ಪಾಠ ಬಂದಾಗ, ಗಂಟಲು ಕೆಟ್ಟಿದೆ ಎಂದು ಹೇಳಿ, "ನೀವ ಇಷ್ಟ ಹೇಳಿಬಿಡ್ರಿ" ಎಂದು ನನ್ನನ್ನು ಕಳಿಸುತ್ತಿದ್ದರು. ಪುಸ್ತಕ ಮಾತ್ರ ಕೊಡುತ್ತಿರಲಿಲ್ಲ. ನಾನು ನೆನಪಿನಿಂದಲೇ ಹೇಳುತ್ತಿದ್ದೆ.

ಯುದ್ಧ ಮುಗಿದು ಇಂಗ್ಲೆಂಡಿನಲ್ಲಿ ಚುನಾವಣೆಯಾಯಿತು. ಯುದ್ಧ ಗೆಲ್ಲಿಸಿದ ಪ್ರಧಾನಿಯನ್ನೇ, ಮಾಸ್ತರರ ಪಕ್ಷದವನನ್ನೇ, ಜನ ಸೋಲಿಸಿದರು. ಸೇಡು ತೀರಿಸಿಕೊಳ್ಳುವ ಉತ್ಸಾಹದಲ್ಲಿ ನಾನು ಪತ್ರಿಕೆ ಹಿಡಿದು ಸ್ಟೇಷನ್ನಿನಿಂದ ಓಡಿಯೇ ಬಂದೆ. "ಮಾಸ್ತರ್ರ, ನಿಮ್ಮ ಪಕ್ಷಾ ಮಣ್ಣ ಮುಕ್ಕೇತ್ರಿ!"

ಅವರು ನಿಧಾನವಾಗಿ ಓದಿದರು. ಮಡಿಚಿ ಕೊಟ್ಟರು. "ಅಂಥಾ ಯುದ್ಧಾ ಗೆಲ್ಲಿಸಿದಾಂವ. ಮಂದಿ ಮನೀಗೆ ನಡಿ ಅಂದ್ರು, ಟೊಪ್ಪಿಗಿ ತಗೊಂಡ ನಡದಾ. ಒಂದ ಕಲ್ಲ ಬೀಳಲಿಲ್ಲ, ಒಂದ ಗುಂಡ ಹಾರಲಿಲ್ಲ. ಹಿಂಗ ನಡಿಯೂದನ್ನ ಕಲ್ಯಾಕ ಅವರಿಗೆ ಮುನ್ನೂರ ವರ್ಷ ಹಿಡೀತು. ನಾಳೆ ನಿಮ್ಮ ಸ್ವರಾಜ್ಯ ಬರ್ತೇತಿ. ಬರ್ಲಿ, ನನಗೂ ಬೇಕು. ಆದ್ರ ಕುರ್ಚಿಯಿಂದ ಏಳೂದನ್ನ ಹುಡುಗ್ರಿಗೆ ಕಲಿಸ್ರಿ. ಕೂಡೂದನ್ನ ಯಾರೂ ಕಲಿಸೂದ ಬ್ಯಾಡ." ನನ್ನ ಉತ್ಸಾಹವೆಲ್ಲ ಇಳಿದುಹೋಯಿತು. ಇಂದಿಗೂ ಪತ್ರಿಕೆ ತೆರೆದಾಗ ದಿನಕ್ಕೊಮ್ಮೆಯಾದರೂ ಆ ಮಾತು ನೆನಪಾಗುತ್ತದೆ.

ಸ್ವರಾಜ್ಯವನ್ನು ಅವರು ನೋಡಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ಹದಿನೈದು ದಿನದ ಜ್ವರದಲ್ಲಿ ಹೋದರು. ಕೊನೆಯ ದಿನಗಳಲ್ಲಿ ತಮ್ಮನವರು ನಡುವಿನ ಗೋಡೆಯಲ್ಲಿ ಒಬ್ಬ ಮನುಷ್ಯ ಹಾಯುವಷ್ಟು ಬಾಗಿಲು ಒಡೆಸಿ, ಆ ದಾರಿಯಿಂದಲೇ ಬಂದು ಅಣ್ಣನಿಗೆ ಗಂಜಿ ಕುಡಿಸುತ್ತಿದ್ದರು. ಚಟ್ಟಕ್ಕೆ ಮುಂದಿನ ಹೆಗಲು ಕೊಟ್ಟವರೂ ಅವರೇ. ನಮ್ಮ ಹಟ್ಟಿಯ ಗಂಡಸರೆಲ್ಲ ಕಂಬಳಿ ಹೊದ್ದು ಹಿಂದೆ ನಡೆದೆವು. ನನ್ನ ಹೆಗಲ ಮೇಲೆ ಮಗಳಿದ್ದಳು. ಅವಳಿಗೆ ಏನೂ ತಿಳಿಯದು, ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದಳು.

ಹದಿಮೂರನೆಯ ದಿನ ತಮ್ಮನವರು ಆ ಪಾಠದ ಪುಸ್ತಕವನ್ನು ಅರಿವೆಯಲ್ಲಿ ಸುತ್ತಿ ತಂದುಕೊಟ್ಟರು. "ಇದನ್ನ ನಿಮಗ ಕೊಡಾಕ ಹೇಳ್ಯಾನ ಅಣ್ಣಾ" ಎಂದರು. ಅವರ ಜಾಗದಲ್ಲಿ ಇತಿಹಾಸ ಕಲಿಸುವ ಕೆಲಸ ನನಗೆ ಬಂದಿತ್ತು. ಬಿಚ್ಚಿ ನೋಡುವ ಧೈರ್ಯವಾಗದೆ ಹಾಗೇ ಇಟ್ಟೆ. ಆ ಪಾಠ ಬಂದ ದಿನ ವರ್ಗದಲ್ಲಿ ನಿಂತು ಪುಟ ತೆರೆದೆ.

ಕಾಗದ ಇರಲಿಲ್ಲ. ಕಿತ್ತದ್ದಲ್ಲ, ಕಿತ್ತಿದ್ದರೆ ಚಿತ್ರವೂ ಹರಿಯುತ್ತಿತ್ತು. ನೀರಿನಿಂದ ತೋಯಿಸಿ ತೋಯಿಸಿ, ಎಷ್ಟು ದಿನ ಹಿಡಿಯಿತೋ, ಮೆಲ್ಲಗೆ ಬಿಡಿಸಿದ್ದರು. ಸುತ್ತ ಗಂಜಿಯ ಹಳದಿ ಕಲೆ ಚೌಕವಾಗಿ ಉಳಿದಿತ್ತು. ನಡುವೆ, ಮೂವತ್ತು ವರ್ಷ ಬೆಳಕು ಕಾಣದ ಒಂದು ಮುಖ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಕತ್ತು ಚಾಚಿ ನೋಡಿ, "ಯಾರ್ರಿ ಸರ ಇವ್ರು?" ಎಂದು ಕೇಳಿದಳು.

ಮಾಸ್ತರರು ಎಂದೂ ಹೇಳದ ಆ ಹೆಸರನ್ನು ಹೇಳಿದೆ. "ಏನ ಮಾಡಿದ್ರಿ ಇವ್ರು?" ಎಂದಳು. ಹೇಳಲು ಹೋದೆ. ಕಂಬಳಿಯ ಮಾಡು, ಮಣ್ಣು ಸರಿಸುವ ಕೈ, ಮೂರನೆಯ ಸಲ ಆರದೆ ಉಳಿದ ದೀಪ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಇತಿಹಾಸದ ಪಾಠ ಮಾಡಲು ಬಂದವನು ಹುಡುಗರ ಎದುರು ನಿಂತು ಅತ್ತುಬಿಟ್ಟೆ. ಗಂಟಲು ಕೆಟ್ಟಿದೆ ಎಂದು ಹೇಳಿ ಅಂದಿನ ವರ್ಗ ಬಿಟ್ಟೆ.